ಮಿದುಳಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿಗೆ ಸೇರಿದ ವಿಟ್ಲವು ಅಡಕೆಯ ತೋಟಗಳಿಗೆ ಹೆಸರಾದ ಸೀಮೆ. 1956ರಲ್ಲಿ ಅಡಕೆಯ ಸಂಶೋಧನೆಗಾಗಿಯೇ ಒಂದು ಕೇಂದ್ರವು ಇಲ್ಲಿ ಸ್ಥಾಪನೆಗೊಂಡಿತು. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗಗಳಿಂದಲೂ, ತೋಡಿಗೆ ಅಡ್ಡವಾಗಿ ಹಾಕಿದ ಮಣ್ಣಿನ ಕಟ್ಟಗಳಿಂದಲೂ ಹಿಂದಿನವರು ಈ ತೋಟಗಳಿಗೆ ನೀರನ್ನು ತರುತ್ತಿದ್ದರು. ದೊಡ್ಡ ಕಾಲುವೆಯಿಂದ ಸಣ್ಣ ಕಣಿಗಳು ಕವಲೊಡೆದು ಒಂದೊಂದು ಮರದ ಬುಡಕ್ಕೂ ನೀರು ಮುಟ್ಟುತ್ತಿತ್ತು. ಇಂಥ ವ್ಯವಸ್ಥೆಗೆ ಎರಡು ಬಗೆಯ ಆಪತ್ತುಗಳುಂಟು. ಹೂಳು ತುಂಬಿ ಕಾಲುವೆ ಕಿರಿದಾದರೆ ತೋಟದ ಒಂದು ಭಾಗ ನೀರಿಲ್ಲದೆ ಒಣಗುತ್ತದೆ. ಕಾಲುವೆಯ ದಂಡೆ ಒಂದೆಡೆ ಸಡಿಲಗೊಂಡರೆ ನೀರಿನ ಒತ್ತಡಕ್ಕೆ ಅದು ಹೊರಕ್ಕೆ ಉಬ್ಬಿ, ಕೊನೆಗೊಮ್ಮೆ ಒಡೆದು ತೋಟವನ್ನೇ ಕೊಚ್ಚಿಬಿಡುತ್ತದೆ.

ಮನುಷ್ಯನ ತಲೆಬುರುಡೆಯೊಳಗೂ ಇಂಥದೇ ಒಂದು ನೀರಾವರಿಯಿದೆ. ಅಲ್ಲಿ ಹರಿಯುವುದು ರಕ್ತ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಸುಮಾರು 2 ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಅದು ಸುಮಾರು ಐದನೆಯ ಒಂದು ಪಾಲನ್ನು ತಾನೊಂದೇ ಬೇಡುತ್ತದೆ. ರಕ್ತವು ಕೆಲವೇ ನಿಮಿಷಗಳ ಕಾಲ ನಿಂತರೂ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಕೊರಳಿನ ಮುಂಭಾಗದಲ್ಲಿ ಎರಡು, ಹಿಂಭಾಗದಲ್ಲಿ ಎರಡು, ಹೀಗೆ ನಾಲ್ಕು ಅಪಧಮನಿಗಳು ಮಿದುಳಿಗೆ ರಕ್ತವನ್ನು ಒಯ್ಯುತ್ತವೆ. ಮಿದುಳಿನ ತಳದಲ್ಲಿ ಇವುಗಳ ಕವಲುಗಳು ಒಂದನ್ನೊಂದು ಕೂಡಿ ಬಳೆಯಂತಹ ಒಂದು ವೃತ್ತವನ್ನು ರಚಿಸುತ್ತವೆ. ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿಯಿಂದ ರಕ್ತ ಬರಲೆಂದು ಪ್ರಕೃತಿಯು ಮಾಡಿರುವ ಏರ್ಪಾಡು ಇದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ಎಂಬವನು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದವಾಗಿ ವರ್ಣಿಸಿದುದರಿಂದ ಇದಕ್ಕೆ ವಿಲಿಸ್ ವೃತ್ತವೆಂದೇ ಹೆಸರಾಯಿತು.

ಈ ನಾಳಗಳು ಕಿರಿದಾದರೆ ಪಾರ್ಶ್ವವಾಯು ಬಡಿಯಬಹುದು. ನಾಳದ ಗೋಡೆ ಎಲ್ಲಿಯಾದರೂ ದುರ್ಬಲವಾದರೆ ಅಲ್ಲಿ ಕಾಳಿನಂತೆ, ಕೆಲವೊಮ್ಮೆ ದ್ರಾಕ್ಷಿಯಂತೆ ಒಂದು ಉಬ್ಬು ಬೆಳೆಯುತ್ತದೆ. ವೈದ್ಯರು ಇದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ಬಹುಕಾಲ ಯಾವ ಸುಳಿವನ್ನೂ ಕೊಡದೆ ಇರುವ ಈ ಉಬ್ಬು ಒಂದು ದಿನ ಒಡೆದರೆ, ಸಿಡಿಲೆರಗಿದಂತೆ ತಲೆನೋವು ಬಂದು, ನೋಡನೋಡುತ್ತಿದ್ದಂತೆಯೇ ಮನುಷ್ಯ ಪ್ರಜ್ಞೆ ತಪ್ಪಿ ಬೀಳಬಹುದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಇದಕ್ಕೆ ನೇರವಾದ ಚಿಕಿತ್ಸೆಯೇ ಇರಲಿಲ್ಲ. ತಲೆಬುರುಡೆಯನ್ನು ತೆರೆದು, ಆ ಉಬ್ಬಿನ ಬುಡವನ್ನೇ ಮುಚ್ಚಿ ರೋಗಿಯನ್ನು ಬದುಕಿಸಬಹುದೆಂದು ಮೊದಲು ಮಾಡಿ ತೋರಿಸಿದವನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಎಡ್ವರ್ಡ್ ಡ್ಯಾಂಡಿ.

ಡ್ಯಾಂಡಿ ಜನಿಸಿದುದು 1886ನೆಯ ಇಸವಿ ಏಪ್ರಿಲ್ 6ರಂದು, ಅಮೆರಿಕದ ಮಿಸ್ಸೂರಿ ಪ್ರಾಂತದ ಸೆಡೇಲಿಯ ಎಂಬ ಪಟ್ಟಣದಲ್ಲಿ. ತಂದೆ ಜಾನ್ ಡ್ಯಾಂಡಿ ಇಂಗ್ಲೆಂಡಿನಿಂದಲೂ ತಾಯಿ ರೇಚೆಲ್ ಐರ್ಲೆಂಡಿನಿಂದಲೂ ವಲಸೆ ಬಂದವರು. ತಂದೆಗೆ ರೈಲ್ವೆಯಲ್ಲಿ ಉಗಿಬಂಡಿಯನ್ನು ನಡೆಸುವ ಕೆಲಸ. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ದುಡಿಮೆಯಿತ್ತು, ಶಿಸ್ತಿತ್ತು, ಒಬ್ಬನೇ ಮಗನನ್ನು ಓದಿಸಬೇಕೆಂಬ ಹಂಬಲವಿತ್ತು. ಮಗನೂ ಆ ಹಂಬಲಕ್ಕೆ ತಕ್ಕವನಾಗಿ ಬೆಳೆದನು. 1903ರಲ್ಲಿ ಊರಿನ ಪ್ರೌಢಶಾಲೆಯಿಂದ ತರಗತಿಗೇ ಮೊದಲಿಗನಾಗಿ ಹೊರಬಂದನು. ಅನಂತರ ಮಿಸ್ಸೂರಿ ವಿಶ್ವವಿದ್ಯಾಲಯವನ್ನು ಸೇರಿ 1907ರಲ್ಲಿ ಪದವಿಯನ್ನು ಪಡೆದನು. ಅಲ್ಲಿದ್ದಾಗಲೇ ವೈದ್ಯಶಾಸ್ತ್ರದ ಕೆಲವು ಪಾಠಗಳನ್ನೂ ಓದಿ ಮುಗಿಸಿದ್ದುದರಿಂದ, ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವೈದ್ಯವಿದ್ಯಾಲಯವು ಅವನನ್ನು ನೇರವಾಗಿ ಎರಡನೆಯ ವರ್ಷದ ತರಗತಿಗೆ ಸೇರಿಸಿಕೊಂಡಿತು. 1910ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಡ್ಯಾಂಡಿ ವೈದ್ಯನಾದನು.

ಆ ಕಾಲಕ್ಕೆ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯು ಅಮೆರಿಕದ ವೈದ್ಯವಿದ್ಯೆಗೆ ದೀಪಸ್ತಂಭದಂತಿತ್ತು. ಅಲ್ಲಿಯ ಶಸ್ತ್ರಚಿಕಿತ್ಸೆಯ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್. ಆತುರವಿಲ್ಲದೆ, ಒಂದು ತೊಟ್ಟು ರಕ್ತವೂ ವೃಥಾ ಹೋಗದಂತೆ, ದೇಹದ ಎಳೆಎಳೆಯನ್ನೂ ಮೃದುವಾಗಿ ಮುಟ್ಟಿ ಕೆಲಸ ಮಾಡಬೇಕೆಂಬುದು ಅವನ ಪದ್ಧತಿ. ಆ ಪದ್ಧತಿಯನ್ನು ಮಿದುಳಿಗೆ ಅನ್ವಯಿಸಿ, ಮಿದುಳಿನ ಶಸ್ತ್ರಚಿಕಿತ್ಸೆಯನ್ನೇ ಒಂದು ಪ್ರತ್ಯೇಕ ವಿದ್ಯೆಯಾಗಿ ಕಟ್ಟಿದವನು ಅವನ ಶಿಷ್ಯ ಹಾರ್ವೆ ಕುಷಿಂಗ್. ಅದಕ್ಕೆ ಮುಂಚೆ ತಲೆಬುರುಡೆಯನ್ನು ತೆರೆಯುವುದೆಂದರೆ ಸಾವಿನ ಬಾಗಿಲನ್ನು ತೆರೆದಂತೆಯೇ ಆಗಿತ್ತು. ಮಿದುಳಿನಲ್ಲಿ ರಕ್ತ ಒಸರತೊಡಗಿದರೆ ಅದನ್ನು ನಿಲ್ಲಿಸುವುದೇ ದೊಡ್ಡ ಸಮಸ್ಯೆ. ದಾರದಿಂದ ಬಿಗಿಯಲು ಎಡೆಯಿಲ್ಲದ ಆಳದಲ್ಲಿ ನಾಳವನ್ನು ಹಿಸುಕಿ ಮುಚ್ಚಲು ಕುಷಿಂಗ್ 1911ರಲ್ಲಿ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳನ್ನು ಬಳಕೆಗೆ ತಂದನು. ಈ ಬೆಳ್ಳಿಯ ಕ್ಲಿಪ್ಪನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಇದೇ ಕಥೆಯಲ್ಲಿ ಅದು ಮತ್ತೊಮ್ಮೆ ಬರುವುದು.

ಡ್ಯಾಂಡಿ ಮೊದಲ ವರ್ಷ ಹಂಟೇರಿಯನ್ ಪ್ರಯೋಗಶಾಲೆಯಲ್ಲಿ ಕುಷಿಂಗನ ಕೈಕೆಳಗೆ ಸಂಶೋಧನೆ ನಡೆಸಿದನು. ಮರುವರ್ಷ ಆಸ್ಪತ್ರೆಯಲ್ಲಿ ಅವನ ಸಹಾಯಕನಾದನು. ಗುರುವಿಗೆ ಮಹಾಪ್ರತಿಭೆ, ಶಿಷ್ಯನಿಗೂ ಪ್ರತಿಭೆ. ಇಬ್ಬರದೂ ಹಟದ ಸ್ವಭಾವ, ಇಬ್ಬರೂ ತಮಗೆ ಸರಿಯೆಂದು ಕಂಡುದನ್ನು ಬಿಟ್ಟುಕೊಡದವರು. ಹೀಗಾಗಿ ಅವರ ನಡುವೆ ಬೇಗನೆ ವಿರಸ ಹುಟ್ಟಿತು. 1912ರಲ್ಲಿ ಕುಷಿಂಗ್ ಬಾಸ್ಟನ್ ನಗರದ ಹೊಸ ಆಸ್ಪತ್ರೆಗೆ ಹೊರಟು ನಿಂತಾಗ, ತಾನೂ ಜೊತೆಯಲ್ಲಿ ಹೋಗುವೆನೆಂದು ಡ್ಯಾಂಡಿ ನಂಬಿದ್ದನು. ಆದರೆ ಕುಷಿಂಗ್ ಅವನನ್ನು ಕರೆದೊಯ್ಯಲಿಲ್ಲ. ಮುಂದಿನ ದಾರಿ ಯಾವುದೆಂದು ತಿಳಿಯದೆ ತರುಣ ವೈದ್ಯನು ಕಂಗೆಟ್ಟು ನಿಂತನು. ಆಗ ಅವನಿಗೆ ಆಸರೆಯಾದವನು ವೃದ್ಧನಾಗುತ್ತಿದ್ದ ಹಾಲ್‌ಸ್ಟೆಡ್. ಆತನು ಡ್ಯಾಂಡಿಯನ್ನು ತನ್ನ ವಿಭಾಗದಲ್ಲಿಯೇ ಉಳಿಸಿಕೊಂಡು, ಸಂಶೋಧನೆಗೆ ಅವಕಾಶವನ್ನಿತ್ತನು.

ಆ ಅವಕಾಶವನ್ನು ಡ್ಯಾಂಡಿ ಎಷ್ಟು ಸಾರ್ಥಕವಾಗಿ ಬಳಸಿಕೊಂಡನೆಂಬುದಕ್ಕೆ ಮುಂದಿನ ಆರು ವರ್ಷಗಳೇ ಸಾಕ್ಷಿ. ಕೆಲವು ಹಸುಗೂಸುಗಳ ತಲೆ ದಿನದಿನಕ್ಕೆ ಹಿಗ್ಗುತ್ತ ಹೋಗಿ ಮಗು ಕ್ಷೀಣಿಸುವ ಒಂದು ರೋಗವಿದೆ. ಮಿದುಳಿನೊಳಗೆ ನೀರಿನಂತಹ ದ್ರವವು ಮಿತಿಮೀರಿ ತುಂಬುವುದೇ ಇದರ ಲಕ್ಷಣ. ಆ ದ್ರವವು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಎಂಬುದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಡ್ಯಾಂಡಿಯು ಮಕ್ಕಳ ವೈದ್ಯನಾದ ಕೆನೆತ್ ಬ್ಲ್ಯಾಕ್‌ಫ್ಯಾನನೊಡನೆ ಕೂಡಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ದ್ರವಕ್ಕೆ ಬಣ್ಣವನ್ನು ಬೆರೆಸಿ ಅದು ಸಾಗುವ ದಾರಿಯನ್ನು ಗುರುತಿಸಿದರು. ಮಿದುಳಿನ ಒಳಗಿನ ಕುಹರಗಳಲ್ಲಿ ದ್ರವವು ಉತ್ಪನ್ನವಾಗುವುದೆಂದೂ, ಇಕ್ಕಟ್ಟಾದ ಒಂದು ಹಾದಿಯ ಮೂಲಕ ಹೊರಬಂದು ಮಿದುಳಿನ ಹೊರಮೈಯಲ್ಲಿ ಇಂಗುವುದೆಂದೂ, ಆ ಹಾದಿಗೆ ತಡೆಯುಂಟಾದರೆ ರೋಗ ಬರುವುದೆಂದೂ 1913 ಮತ್ತು 1914ರಲ್ಲಿ ಪ್ರಕಟಿಸಿದರು. ಕಾರಣ ತಿಳಿದ ಬಳಿಕವೇ ಚಿಕಿತ್ಸೆಗೆ ದಾರಿ. ಈ ತತ್ತ್ವವನ್ನು ಡ್ಯಾಂಡಿ ಜೀವಮಾನವಿಡೀ ಬಿಡಲಿಲ್ಲ.

ಅವನ ಎರಡನೆಯ ಸಾಧನೆ ಇನ್ನೂ ಅದ್ಭುತವಾದುದು. ಕ್ಷಕಿರಣದ ಚಿತ್ರದಲ್ಲಿ ಮೂಳೆ ಕಾಣುತ್ತದೆ. ಆದರೆ ಮೂಳೆಯೊಳಗಿನ ಮೃದುವಾದ ಮಿದುಳು ಕಾಣುವುದಿಲ್ಲ. ಆದುದರಿಂದ ಮಿದುಳಿನ ಗಂತಿ ಎಲ್ಲಿದೆಯೆಂಬುದನ್ನು ವೈದ್ಯರು ರೋಗಿಯ ಲಕ್ಷಣಗಳಿಂದ ಊಹಿಸಬೇಕಾಗಿತ್ತು. ಊಹೆ ತಪ್ಪಿದರೆ ತಲೆಯನ್ನು ತೆರೆದ ಶ್ರಮವೆಲ್ಲ ವ್ಯರ್ಥ, ರೋಗಿಗೆ ಅಪಾಯ. ಹೊಟ್ಟೆಯ ಕ್ಷಕಿರಣ ಚಿತ್ರಗಳಲ್ಲಿ ಕರುಳಿನೊಳಗಿನ ವಾಯುವು ಕಪ್ಪಾಗಿ, ಸ್ಪಷ್ಟವಾಗಿ ಕಾಣುವುದನ್ನು ಎಲ್ಲರೂ ನೋಡಿದ್ದರು. ಎಲ್ಲರೂ ನೋಡಿದುದರಲ್ಲಿ ಡ್ಯಾಂಡಿ ಹೊಸದೊಂದನ್ನು ಕಂಡನು. ಮಿದುಳಿನ ಕುಹರಗಳಲ್ಲಿರುವ ದ್ರವವನ್ನು ಹೊರತೆಗೆದು ಅಲ್ಲಿ ಗಾಳಿಯನ್ನು ತುಂಬಿದರೆ, ಕುಹರಗಳ ಆಕಾರವು ಚಿತ್ರದಲ್ಲಿ ಮೂಡಲೇಬೇಕು. ಗಂತಿಯಿದ್ದಲ್ಲಿ ಆ ಆಕಾರವು ಒತ್ತಿಹೋಗಿರಬೇಕು. 1918ರಲ್ಲಿ ಈ ವಿಧಾನವನ್ನು ಅವನು ಪ್ರಕಟಿಸಿದನು. ರೋಗಿಗೆ ಇದು ಸುಖಕರವಾದ ಪರೀಕ್ಷೆಯಾಗಿರಲಿಲ್ಲ, ಅಪಾಯವೂ ಇಲ್ಲದಿರಲಿಲ್ಲ. ಆದರೂ 1970ರ ದಶಕದಲ್ಲಿ ಗಣಕಯಂತ್ರದ ನೆರವಿನ ಸಿ.ಟಿ. ಚಿತ್ರಣವು ಬಳಕೆಗೆ ಬರುವವರೆಗೆ, ಸುಮಾರು ಅರ್ಧ ಶತಮಾನದ ಕಾಲ, ಮಿದುಳಿನ ಒಳಗನ್ನು ಕಾಣಲು ವೈದ್ಯರು ಅವಲಂಬಿಸಿದ ಮುಖ್ಯ ವಿಧಾನಗಳಲ್ಲಿ ಇದೂ ಒಂದಾಗಿತ್ತು.

ಕಿವಿಯ ನರದ ಮೇಲೆ ಬೆಳೆಯುವ ಗಂತಿಯ ವಿಷಯದಲ್ಲಿ ಗುರುಶಿಷ್ಯರ ವಿರಸವು ಬಹಿರಂಗಕ್ಕೆ ಬಂದಿತು. ಗಂತಿಯ ಹೊರಕವಚವನ್ನು ಹಾಗೆಯೇ ಬಿಟ್ಟು ಒಳಗಿನ ತಿರುಳನ್ನಷ್ಟೇ ತೆಗೆಯುವುದು ಕುಷಿಂಗನ ಮಾರ್ಗ. ಇದರಿಂದ ಶಸ್ತ್ರಚಿಕಿತ್ಸೆಯಲ್ಲಿ ಸಾಯುವವರ ಸಂಖ್ಯೆ ಬಹುವಾಗಿ ಇಳಿದಿತ್ತು. ಆದರೆ ಉಳಿದ ಬೇರು ಮತ್ತೆ ಬೆಳೆಯುವುದಲ್ಲವೇ? ಗಂತಿಯನ್ನು ಕವಚಸಹಿತ ಸಂಪೂರ್ಣವಾಗಿ ತೆಗೆಯಬೇಕು, ಅದು ಸಾಧ್ಯ ಎಂಬುದು ಡ್ಯಾಂಡಿಯ ವಾದ. ತನ್ನ ಯಶಸ್ಸನ್ನು 1922ರಲ್ಲಿ ಅವನು ಪ್ರಕಟಿಸಿದಾಗ, ಅದಕ್ಕೆ ನೆಲೆಗಟ್ಟನ್ನು ಹಾಕಿದ ಗುರುವಿನ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಅದರಲ್ಲಿ ಸಲ್ಲಿಸಲಿಲ್ಲ. ಕುಷಿಂಗ್ ನೊಂದು ಕಠಿಣವಾದ ಪತ್ರವನ್ನು ಬರೆದನು. ಡ್ಯಾಂಡಿಯೂ ಸೋಲಲಿಲ್ಲ. ವಿದ್ಯೆಯ ದೃಷ್ಟಿಯಿಂದ ನೋಡಿದರೆ ಡ್ಯಾಂಡಿಯ ಮಾರ್ಗವೇ ಮುಂದೆ ಗೆದ್ದಿತು. ಆದರೆ ಹಿಂದಿನವರ ಹೆಗಲ ಮೇಲೆ ನಿಂತು ದೂರವನ್ನು ಕಂಡವನು ಆ ಹೆಗಲನ್ನು ಮರೆಯಬಾರದೆಂಬ ಮಾತೂ ಅಷ್ಟೇ ಸತ್ಯ. ದೊಡ್ಡವರ ಬಾಳಿನಲ್ಲಿಯೂ ಇಂಥ ಕೊರತೆಗಳಿರುತ್ತವೆ. ಅವುಗಳನ್ನು ಮುಚ್ಚಿಡುವುದರಿಂದ ಅವರ ಹಿರಿಮೆ ಹೆಚ್ಚುವುದಿಲ್ಲ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಡ್ಯಾಂಡಿ ಕಟ್ಟುನಿಟ್ಟಿನ ಮನುಷ್ಯ. ಅವನ ಕೈ ಬಲು ಚುರುಕು. ಸಿಟ್ಟೂ ಅಷ್ಟೇ ಚುರುಕು. ಅವನ ಕೈಕೆಳಗೆ ಕಲಿತವರು ಅವನಿಗೆ ಹೆದರುತ್ತಿದ್ದರು, ಹೆದರುತ್ತಲೇ ಗೌರವಿಸುತ್ತಿದ್ದರು. ಆದರೆ ರೋಗಿಯ ಹಾಸಿಗೆಯ ಬಳಿ ಅವನದು ಬೇರೆಯೇ ಮುಖ. ಬಡವರಿಂದ ಶುಲ್ಕವನ್ನು ಒತ್ತಾಯಿಸಿ ಪಡೆಯುವುದು ಅವನಿಗೆ ಸೇರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಮುಗಿದೊಡನೆ ರೋಗಿಯ ಕಂಟಕ ಮುಗಿಯುವುದಿಲ್ಲ, ಅನಂತರದ ಗಂಟೆಗಳೇ ನಿರ್ಣಾಯಕವೆಂದು ಅರಿತು, 1923ರಲ್ಲಿ ಮೂರು ಹಾಸಿಗೆಗಳ ಒಂದು ವಿಶೇಷ ಕೊಠಡಿಯನ್ನು ಏರ್ಪಡಿಸಿದನು. ಹಗಲಿರುಳು ಕಣ್ಣಿಟ್ಟು ನೋಡುವ ದಾದಿಯರನ್ನು ಅಲ್ಲಿ ನೇಮಿಸಿದನು. ಇಂದು ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ಇರುವ ತೀವ್ರನಿಗಾ ಘಟಕಗಳಿಗೆ ಈ ಮೂರು ಹಾಸಿಗೆಗಳೇ ಮೊದಲ ಮಾದರಿಯೆಂದು ಹೇಳುವುದುಂಟು. 1924ರಲ್ಲಿ ಅವನು ಸೇಡಿ ಮಾರ್ಟಿನ್ ಎಂಬಾಕೆಯನ್ನು ವಿವಾಹವಾದನು. ಅವರಿಗೆ ಒಬ್ಬ ಮಗನೂ ಮೂವರು ಹೆಣ್ಣುಮಕ್ಕಳೂ ಜನಿಸಿದರು. ಆಸ್ಪತ್ರೆಯ ಗಡಸುತನವನ್ನು ಮನೆಯ ಹೊಸ್ತಿಲಿನಾಚೆಗೇ ಬಿಟ್ಟು ಬರುವ ವಾತ್ಸಲ್ಯಮಯ ತಂದೆ ಅವನಾಗಿದ್ದನು.

ಇನ್ನು ನಾಳದ ಉಬ್ಬಿನ ಕಥೆಗೆ ಬರೋಣ. ಡ್ಯಾಂಡಿಗೆ ಮುಂಚೆ ಈ ರೋಗದ ಎದುರಿನಲ್ಲಿ ಶಸ್ತ್ರವೈದ್ಯರು ಮಾಡಬಹುದಾಗಿದ್ದುದು ತೀರ ಅಲ್ಪ. ಕೊರಳಿನಲ್ಲಿರುವ ದೊಡ್ಡ ಅಪಧಮನಿಯನ್ನೇ ದಾರದಿಂದ ಬಿಗಿದುಬಿಟ್ಟರೆ ಮೇಲಿನ ಉಬ್ಬಿಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆಂಬುದು ಒಂದು ಉಪಾಯ. ತೋಟಕ್ಕೆ ಬರುವ ಮುಖ್ಯ ಕಾಲುವೆಯನ್ನೇ ಮುಚ್ಚಿ ಒಡೆಯಲಿರುವ ದಂಡೆಯನ್ನು ಉಳಿಸಿಕೊಂಡಂತೆ ಇದು. ದಂಡೆ ಉಳಿಯಬಹುದು; ಆದರೆ ನೀರಿಲ್ಲದೆ ತೋಟವೇ ಒಣಗಬಹುದು. ಹೀಗೆ ಬಿಗಿದಾಗ ಕೆಲವರಿಗೆ ಪಾರ್ಶ್ವವಾಯು ತಗಲುತ್ತಿತ್ತು. 1927ರಲ್ಲಿ ಪೋರ್ಚುಗಲ್ ದೇಶದ ಎಗಾಸ್ ಮೋನಿಜ್ ಎಂಬ ವೈದ್ಯನು ಕೊರಳಿನ ನಾಳದೊಳಗೆ ಔಷಧವನ್ನು ಹಾಯಿಸಿ, ಮಿದುಳಿನ ರಕ್ತನಾಳಗಳನ್ನು ಕ್ಷಕಿರಣದ ಚಿತ್ರದಲ್ಲಿ ಮೂಡಿಸುವ ಬಗೆಯನ್ನು ಕಂಡುಹಿಡಿದನು. 1931ರಲ್ಲಿ ಎಡಿನ್‌ಬರೋ ನಗರದ ನಾರ್ಮನ್ ಡಾಟ್ ಎಂಬ ಶಸ್ತ್ರವೈದ್ಯನು ತಲೆಯನ್ನು ತೆರೆದು, ಒಡೆದ ಉಬ್ಬಿನ ಸುತ್ತ ರೋಗಿಯದೇ ಸ್ನಾಯುವಿನ ತುಣುಕನ್ನು ಹೊದಿಸಿ ಭದ್ರಪಡಿಸಿದನು. ಅದು ಧೈರ್ಯದ ಹೆಜ್ಜೆ. ಆದರೂ ಉಬ್ಬು ಇದ್ದಲ್ಲಿಯೇ ಇರುತ್ತಿತ್ತು. ಉಬ್ಬನ್ನು ರಕ್ತದ ಹರಿವಿನಿಂದ ಪೂರ್ಣವಾಗಿ ಬೇರ್ಪಡಿಸಿ, ನಾಳವನ್ನು ಮಾತ್ರ ಮೊದಲಿನಂತೆಯೇ ಹರಿಯಗೊಡುವುದು ಸಾಧ್ಯವೇ? ಇದೇ ಪ್ರಶ್ನೆ.

1937ರ ಮಾರ್ಚ್ ತಿಂಗಳಿನಲ್ಲಿ ಡ್ಯಾಂಡಿಯ ಬಳಿಗೆ ನಲವತ್ತಮೂರು ವರ್ಷದ ಒಬ್ಬ ಗೃಹಸ್ಥನು ಬಂದನು. ಅವನ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಕಣ್ಣುಗುಡ್ಡೆ ಹೊರಳದಾಗಿತ್ತು, ಆ ಭಾಗದಲ್ಲಿ ತೀವ್ರವಾದ ನೋವಿತ್ತು. ಕಣ್ಣನ್ನು ಹೊರಳಿಸುವ ನರವು ಮಿದುಳಿನ ತಳದಲ್ಲಿ ಅಪಧಮನಿಯೊಂದರ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ನಾಳವು ಉಬ್ಬಿದರೆ ನರವು ಅದರಡಿ ಅದುಮಿಹೋಗುತ್ತದೆ. ಈ ಒಂದು ಸುಳಿವಿನಿಂದಲೇ ರೋಗ ಯಾವುದು, ಅದರ ನೆಲೆ ಎಲ್ಲಿ ಎಂಬುದನ್ನು ಡ್ಯಾಂಡಿ ನಿರ್ಣಯಿಸಿದನು. ಮಾರ್ಚ್ 23ರಂದು ಶಸ್ತ್ರಚಿಕಿತ್ಸೆ ನಡೆಯಿತು. ತಲೆಬುರುಡೆಯ ಮುಂಭಾಗದ ಪಾರ್ಶ್ವದಲ್ಲಿ ದಾರಿ ಮಾಡಿಕೊಂಡು, ಮಿದುಳನ್ನು ಮೆಲ್ಲನೆ ಮೇಲೆತ್ತಿ, ಅವನು ಆಳಕ್ಕೆ ಇಳಿದನು. ಅಲ್ಲಿ, ದೊಡ್ಡ ಅಪಧಮನಿಯ ಮಗ್ಗುಲಲ್ಲಿ, ಬಟಾಣಿಯ ಗಾತ್ರದ ಉಬ್ಬೊಂದು ಕಾಣಿಸಿತು. ನಾಳಕ್ಕೂ ಉಬ್ಬಿಗೂ ನಡುವೆ ಹಣ್ಣಿನ ತೊಟ್ಟಿನಂತೆ ಕಿರಿದಾದ ಕೊರಳೊಂದಿತ್ತು. ಉಬ್ಬಿನ ಗೋಡೆ ತೀರ ತೆಳುವಾದುದು. ಕೈ ಒಂದಿಷ್ಟು ಜಾರಿದರೂ ರಕ್ತವು ಬುಗ್ಗೆಯಾಗಿ ಚಿಮ್ಮಿ ರೋಗಿಯ ಪ್ರಾಣವು ಅಲ್ಲಿಯೇ ಹೋಗುತ್ತಿತ್ತು. ಆ ಕಾಲಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ನೆರವಾಗಲು ಸೂಕ್ಷ್ಮದರ್ಶಕದ ಬಳಕೆಯಿರಲಿಲ್ಲ. ಡ್ಯಾಂಡಿ ಬೆಳ್ಳಿಯ ಒಂದು ಪುಟ್ಟ ಕ್ಲಿಪ್ಪನ್ನು ಆ ಕೊರಳಿಗೆ ಅಡ್ಡಲಾಗಿ ಇಟ್ಟು ಬಿಗಿದನು. ಉಬ್ಬಿಗೆ ರಕ್ತದ ಹರಿವು ನಿಂತಿತು. ನಾಳದಲ್ಲಿ ರಕ್ತವು ಎಂದಿನಂತೆ ಹರಿಯುತ್ತಲೇ ಇತ್ತು. ಬಳಿಕ ವಿದ್ಯುತ್ತಿನ ಶಾಖದಿಂದ ಉಬ್ಬನ್ನು ಸುಟ್ಟು ಮುದುಡಿಸಿದನು.

ರೋಗಿಯು ಚೇತರಿಸಿಕೊಂಡು ಮನೆಗೆ ಮರಳಿದನು. ಮುಂದಿನ ತಿಂಗಳುಗಳಲ್ಲಿ ಅವನ ಕಣ್ಣಿನ ಚಲನೆಯೂ ಕ್ರಮೇಣ ಹಿಂದಿರುಗಿತು. ಮರುವರ್ಷ, ಎಂದರೆ 1938ರಲ್ಲಿ, ಡ್ಯಾಂಡಿ ಈ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಮಿದುಳಿನ ಅಪಧಮನಿಗಳ ಉಬ್ಬುಗಳನ್ನೇ ಕುರಿತು ಅವನು ಬರೆದ ಗ್ರಂಥವು 1944ರಲ್ಲಿ ಹೊರಬಂದಿತು. ತನ್ನ ಕೈಯಲ್ಲಿ ಬದುಕಿದವರನ್ನಷ್ಟೇ ಅಲ್ಲದೆ ಸತ್ತವರನ್ನೂ ಅವನು ಅದರಲ್ಲಿ ದಾಖಲಿಸಿದನು. ಗೆಲುವನ್ನು ಮಾತ್ರ ಬರೆದಿಟ್ಟರೆ ಮುಂದಿನವರು ಅದೇ ಹಳ್ಳಕ್ಕೆ ಬೀಳುತ್ತಾರೆ. ಸೋಲನ್ನೂ ಬರೆದಿಟ್ಟರೆ ಅವರು ಹಳ್ಳವನ್ನು ದಾಟುತ್ತಾರೆ.

ಈ ಶಸ್ತ್ರಚಿಕಿತ್ಸೆಯಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಡ್ಯಾಂಡಿಯ ಕೈಯಲ್ಲಿದ್ದ ಬೆಳ್ಳಿಯ ಕ್ಲಿಪ್ಪು ಮೂಲತಃ ಕುಷಿಂಗ್ ರೂಪಿಸಿದ್ದು. ಅವರಿಬ್ಬರ ನಡುವೆ ಸ್ನೇಹವು ಮತ್ತೆ ಚಿಗುರಲಿಲ್ಲ. ಕುಷಿಂಗ್ 1939ರಲ್ಲಿ ತೀರಿಕೊಂಡನು. ಆದರೆ ಗುರುವಿನ ಉಪಕರಣ, ಶಿಷ್ಯನ ಸಾಹಸ ಇವೆರಡೂ ಒಬ್ಬ ರೋಗಿಯ ತಲೆಬುರುಡೆಯೊಳಗೆ ಒಂದಾಗಿ ಕೆಲಸ ಮಾಡಿದವು. ಮನುಷ್ಯರು ಜಗಳವಾಡಬಹುದು, ಅವರ ವಿದ್ಯೆಗೆ ಆ ಜಗಳದ ಹಂಗಿಲ್ಲ.

ಬೇಸ್‌ಬಾಲ್ ಎಂಬುದು ಅಮೆರಿಕನ್ನರ ಅಚ್ಚುಮೆಚ್ಚಿನ ಆಟ. ವೇಗವಾಗಿ ಬರುವ ಗಟ್ಟಿ ಚೆಂಡು ಆಟಗಾರರ ತಲೆಗೆ ಬಡಿದು ಆಗುತ್ತಿದ್ದ ಅಪಾಯಗಳು ಡ್ಯಾಂಡಿಯ ಗಮನಕ್ಕೆ ಬಂದವು. ಟೋಪಿಯೊಳಗೆ ಸೇರಿಸಬಹುದಾದ ತೆಳುವಾದ, ಹಗುರವಾದ ರಕ್ಷಣಾಫಲಕಗಳನ್ನು ಅವನು ಸಹೋದ್ಯೋಗಿಯೊಬ್ಬನ ಜೊತೆಗೂಡಿ ರೂಪಿಸಿದನು. 1941ರಲ್ಲಿ ಬ್ರೂಕ್ಲಿನ್ನಿನ ಪ್ರಸಿದ್ಧ ತಂಡವು ಇವನ್ನು ಬಳಕೆಗೆ ತಂದಿತು. ಒಡೆದ ತಲೆಯನ್ನು ರಿಪೇರಿ ಮಾಡುವುದಕ್ಕಿಂತ ತಲೆ ಒಡೆಯದಂತೆ ನೋಡಿಕೊಳ್ಳುವುದು ಮೇಲೆಂಬುದು ಮಿದುಳಿನ ವೈದ್ಯನಿಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು?

ಕೊನೆಯವರೆಗೂ ಡ್ಯಾಂಡಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಬಿಡಲಿಲ್ಲ. ಮಿದುಳಿನ ನಾಳಗಳ ರೋಗಕ್ಕೆ ಮದ್ದನ್ನರಸಿದ ಅವನನ್ನು ಹೃದಯದ ನಾಳಗಳ ರೋಗವು ಬಲಿ ತೆಗೆದುಕೊಂಡಿತು. 1946ನೆಯ ಇಸವಿ ಏಪ್ರಿಲ್ 19ರಂದು ಹೃದಯಾಘಾತದಿಂದ ಅವನು ಬಾಲ್ಟಿಮೋರ್ ನಗರದಲ್ಲಿ ಮರಣಹೊಂದಿದನು. ಆಗ ಅವನಿಗೆ ಅರವತ್ತು ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು.

ಡ್ಯಾಂಡಿ ತೆರೆದ ದಾರಿಯಲ್ಲಿ ಅನಂತರದವರು ಬಹುದೂರ ಸಾಗಿದರು. ಉಬ್ಬಿದ ನಾಳಕ್ಕೆ ಚಿಕಿತ್ಸೆ ದೊರೆತಂತೆ, ಕಿರಿದಾದ ನಾಳಕ್ಕೂ ಚಿಕಿತ್ಸೆ ದೊರೆಯಿತು. 1953ರಲ್ಲಿ ಅಮೆರಿಕದ ಮೈಕೇಲ್ ಡಿಬೇಕಿ ಕೊರಳಿನ ಅಪಧಮನಿಯನ್ನು ತೆರೆದು, ಅದರೊಳಗೆ ಹೂಳಿನಂತೆ ಕಟ್ಟಿದ್ದ ಜಿಡ್ಡಿನ ಪದರವನ್ನು ಕೆರೆದು ತೆಗೆದನು. 1967ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಗಾಜಿ ಯಾಸರ್ಗಿಲ್ ಎಂಬ ಶಸ್ತ್ರವೈದ್ಯನು ಸೂಕ್ಷ್ಮದರ್ಶಕದ ನೆರವಿನಿಂದ, ತಲೆಯ ಚರ್ಮಕ್ಕೆ ರಕ್ತವನ್ನೊಯ್ಯುವ ಸಣ್ಣ ನಾಳವನ್ನು ಮಿದುಳಿನ ನಾಳಕ್ಕೆ ಹೊಲಿದು ಸೇರಿಸಿದನು. ಕಟ್ಟಿಹೋದ ಕಾಲುವೆಯನ್ನು ಬಳಸಿ ಹೊಸ ಕಣಿಯನ್ನು ತೋಡಿದಂತೆ ಇದು. ಈ ಕೊನೆಯ ಚಿಕಿತ್ಸೆಯನ್ನು ಹಲವು ದೇಶಗಳ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದಾಗ, ಎಲ್ಲರಿಗೂ ಇದರಿಂದ ಪಾರ್ಶ್ವವಾಯು ತಪ್ಪದೆಂಬುದು 1985ರಲ್ಲಿ ತಿಳಿದುಬಂದಿತು. ಆದುದರಿಂದ ಈಗ ಆಯ್ದ ಕೆಲವರಿಗೆ ಮಾತ್ರ ಅದನ್ನು ಮಾಡುತ್ತಾರೆ. ಹೊಸದೆಲ್ಲವೂ ಹಿತವಲ್ಲ, ಪರೀಕ್ಷೆಯಲ್ಲಿ ಗೆದ್ದುದೇ ಹಿತ. 1990ರ ದಶಕದಿಂದ, ತಲೆಬುರುಡೆಯನ್ನು ತೆರೆಯದೆಯೇ ತೊಡೆಯ ನಾಳದ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ, ಪ್ಲಾಟಿನಂ ತಂತಿಯ ಸುರುಳಿಗಳಿಂದ ಉಬ್ಬನ್ನು ತುಂಬುವ ವಿಧಾನವೂ ರೂಢಿಗೆ ಬಂದಿದೆ. ಆದರೂ ಕ್ಲಿಪ್ಪಿನ ಚಿಕಿತ್ಸೆ ಮರೆಯಾಗಿಲ್ಲ. ಬೆಳ್ಳಿಯ ಸ್ಥಾನದಲ್ಲಿ ಟೈಟೇನಿಯಂ ಮೊದಲಾದ ಲೋಹಗಳು ಬಂದಿವೆ, ಅಷ್ಟೆ.

ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆಂದೇ ಮೊದಲ ವಿಭಾಗವು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರಿಂದ ಆರಂಭವಾಯಿತು. ಮರುವರ್ಷ ಮದರಾಸಿನಲ್ಲಿ ಡಾಕ್ಟರ್ ಬಿ. ರಾಮಮೂರ್ತಿಯವರು ಇದೇ ಕಾರ್ಯವನ್ನು ಕೈಗೊಂಡರು. ಬೆಂಗಳೂರಿನಲ್ಲಿ ಡಾಕ್ಟರ್ ಆರ್. ಎಂ. ವರ್ಮಾ ಅವರು ಈ ವಿದ್ಯೆಗೆ ಬುನಾದಿ ಹಾಕಿದರು. ಅವರು ದುಡಿದ ಸಂಸ್ಥೆಯೇ 1974ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಎಂದರೆ ನಿಮ್ಹಾನ್ಸ್ ಆಗಿ ಬೆಳೆಯಿತು. ಹೀಗೆ ಬಾಲ್ಟಿಮೋರಿನಲ್ಲಿ ಹೊತ್ತಿದ ದೀಪದ ಬೆಳಕು ಕನ್ನಡನಾಡಿನವರೆಗೂ ಹಬ್ಬಿತು. ವಿಟ್ಲದಂತಹ ಊರಿನ ರೈತನೊಬ್ಬನಿಗೆ ತೋಟದಲ್ಲಿ ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂತಹ ತಲೆನೋವು ಬಂದರೆ, ಅಥವಾ ಬಾಯಿ ಸೊಟ್ಟಗಾಗಿ, ಕೈ ಶಕ್ತಿಗುಂದಿ, ಮಾತು ತೊದಲತೊಡಗಿದರೆ, ಅದನ್ನು ಗಾಳಿಯೆಂದೋ ಗ್ರಹಚಾರವೆಂದೋ ಎಣಿಸಿ ಕಾಲ ಕಳೆಯಬೇಕಾಗಿಲ್ಲ. ಮಿದುಳಿನ ವೈದ್ಯರಿರುವ ಆಸ್ಪತ್ರೆಗೆ ತಡಮಾಡದೆ ಅವನನ್ನು ಒಯ್ಯಬೇಕು. ಅಲ್ಲಿ ಒಂದೊಂದು ನಿಮಿಷವೂ ಅಮೂಲ್ಯವಾದುದು. ರಕ್ತದ ಒತ್ತಡವನ್ನು ಹತೋಟಿಯಲ್ಲಿಟ್ಟುಕೊಳ್ಳುವುದು, ಬೀಡಿ ಸಿಗರೇಟುಗಳನ್ನು ದೂರವಿಡುವುದು ಇವು ನಾಳಗಳನ್ನು ಕಾಪಾಡಿಕೊಳ್ಳಲು ಎಲ್ಲರ ಕೈಯಲ್ಲಿಯೂ ಇರುವ ಉಪಾಯಗಳು.

ಉಗಿಬಂಡಿಯನ್ನು ನಡೆಸುತ್ತಿದ್ದ ಬಡ ಕಾರ್ಮಿಕನ ಮಗನಾಗಿ ಹುಟ್ಟಿ, ಗುರುವಿನಿಂದ ದೂರವಾಗಿ, ನೆಲೆಯಿಲ್ಲದೆ ನಿಂತ ತರುಣನೊಬ್ಬನು ಎದೆಗುಂದದೆ ದುಡಿದುದರಿಂದ ಇದೆಲ್ಲ ಸಾಧ್ಯವಾಯಿತು. ಅವನು ಸಿಟ್ಟುಗಾರನಾಗಿದ್ದನು, ಹಟಗಾರನಾಗಿದ್ದನು. ಆದರೆ ಕೈಬಿಡಬೇಕಾದ ರೋಗವೆಂದು ಎಲ್ಲರೂ ಒಪ್ಪಿಕೊಂಡುದನ್ನು ತಾನು ಒಪ್ಪಲಿಲ್ಲ. ಏಕೆ ಎಂದು ಕೇಳಿದನು, ಉತ್ತರಕ್ಕಾಗಿ ಹುಡುಕಿದನು, ಸಿಕ್ಕ ಉತ್ತರವನ್ನು ಲೋಕದ ಮುಂದಿಟ್ಟನು. ಇಂದು ಜಗತ್ತಿನ ಯಾವುದೋ ಮೂಲೆಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನೊಬ್ಬನು ಉಬ್ಬಿದ ನಾಳದ ಕೊರಳಿಗೆ ಕ್ಲಿಪ್ಪನ್ನು ತೊಡಿಸುವಾಗ, ಆ ರೋಗಿಗೆ ಡ್ಯಾಂಡಿಯ ಹೆಸರು ತಿಳಿದಿರಲಾರದು. ತಿಳಿಯದಿದ್ದರೂ ಅವನು ಕಣ್ಣು ತೆರೆದು ತನ್ನವರನ್ನು ಮತ್ತೆ ನೋಡುತ್ತಾನೆ. ವೈದ್ಯನ ಬಾಳಿಗೆ ಅದಕ್ಕಿಂತ ಮಿಗಿಲಾದ ಸಾರ್ಥಕತೆ ಬೇರೇನಿದೆ?